ಐತವಾರದ ನೇಮ

ಕುಡಚಿಯಲ್ಲಿ ನಾನು ಇಳಿಯಬೇಕಾಗಿರಲಿಲ್ಲ. ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ಇಳಿಯಬೇಕಾದವಳಿಗೆ ಬೆಳಗಿನ ಜಾವ ಕಣ್ಣು ಹತ್ತಿತು. ರಾಯಬಾಗವೂ ದಾಟಿದ ಮೇಲೆ ಎಚ್ಚರವಾಗಿ, ಗಾಬರಿಯಲ್ಲಿ ಎರಡು ಸೂಟ್‌ಕೇಸ್ ಎಳೆದುಕೊಂಡು ಸಿಕ್ಕಿದ ಕಡೆ ಇಳಿದುಬಿಟ್ಟೆ. ಸ್ಟೇಷನ್ನಿನ ಹೊರಗೆ ಚಹಾ ಅಂಗಡಿಯವನನ್ನು ಚಿಕ್ಕೋಡಿಗೆ ಹೇಗೆ ಹೋಗುವುದು, ಅಲ್ಲಿನ ಕಾಲೇಜು ಎಲ್ಲಿದೆ ಎಂದು ಕೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಾಯಾರ ಏನ್ರಿ?" ಎಂದ.

ಹದಿಮೂರು ತಾಸಿನ ಪ್ರಯಾಣ. ನಿಜಕ್ಕೂ ಗಂಟಲು ಒಣಗಿತ್ತು. "ಹೌದಪ್ಪ, ತುಂಬಾ" ಎಂದೆ.

ಅಂಗಡಿಯ ಮುಂದೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಈ ಸೀಮೆಯಲ್ಲಿ ಪಾಠ ಹೇಳುವ ಹೆಂಗಸಿಗೆ 'ಬಾಯಾರು' ಎನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹಾಜರಾದ ಮೇಲೆ. ಅವನು ಕೇಳಿದ್ದು ನೀವು ಟೀಚರಾ ಎಂದು. ನಾನು ಹೇಳಿದ್ದು, ಹೌದು, ತುಂಬಾ ಟೀಚರು ಎಂದು. ಅವನು ನಗುತ್ತಲೇ ಒಂದು ತಂಬಿಗೆ ನೀರು ಕೊಟ್ಟ, ಆ ಮಾತು ಬೇರೆ.

ನಾನು ಮುಳಬಾಗಿಲಿನವಳು. ಭೌತಶಾಸ್ತ್ರದ ಉಪನ್ಯಾಸಕಿ. ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಹತ್ತಿರದ ಊರುಗಳೆಲ್ಲ ಖಾಲಿಯಾಗಿ, ಪರದೆಯ ಮೇಲೆ ಚಿಕ್ಕೋಡಿ ಉಳಿದಿತ್ತು. ಒಂದೇ ರಾಜ್ಯ, ಒಂದೇ ಭಾಷೆ, ಇದೇನು ವಲಸೆ ಎಂದು ಮೂಗು ಮುರಿಯುವವರು ಇದ್ದಾರೆ. ಅಂಥವರನ್ನು ಒಂದು ಸಲ ಕುಡಚಿ ಸ್ಟೇಷನ್ನಿನಲ್ಲಿ ಇಳಿಸಬೇಕು. ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಗಡಿಯಲ್ಲಿ ಹುಟ್ಟಿದವಳಿಗೆ ಇನ್ನೊಂದು ಗಡಿ ಕಷ್ಟವಾಗಲಿಕ್ಕಿಲ್ಲ ಎಂದು ಧೈರ್ಯವಾಗಿ ಬಂದಿದ್ದೆ.

ಮನೆ ಸಿಕ್ಕಿದ್ದು ಶಾಂತವ್ವನವರದು. ಅರವತ್ತು ದಾಟಿದ ಹೆಂಗಸು. ತವರು ರಾಯಬಾಗದ ಕಡೆ, ಗಂಡ ತೀರಿಕೊಂಡು ಬಹಳ ವರ್ಷ. ಮಗ ಸೊಸೆ ತೋಟದ ಮನೆಯಲ್ಲಿ ದ್ರಾಕ್ಷಿ ನೋಡಿಕೊಳ್ಳುತ್ತಾರೆ, ಈಕೆ ಪೇಟೆಯ ಮನೆಯಲ್ಲಿದ್ದು ಇಡೀ ಓಣಿಯನ್ನು ನೋಡಿಕೊಳ್ಳುತ್ತಾರೆ. ಒಂಟಿ ಹೆಂಗಸಿಗೆ ಮನೆ ಕೊಡಲು ಮೂರು ಕಡೆ ಹಿಂದೆಮುಂದೆ ನೋಡಿದ್ದರು. ಈಕೆ ಕೇಳಿದ್ದು ಒಂದೇ ಪ್ರಶ್ನೆ: "ರೊಟ್ಟಿ ಬಡೀಲಾಕ ಬರತೈತೇನ್ರಿ ಬಾಯಾರ?" ಬರುವುದಿಲ್ಲ ಎಂದೆ. "ಕಲೀತೀರಿ ಬಿಡ್ರಿ" ಎಂದು ಮಾಳಿಗೆಯ ಮೇಲಿನ ಎರಡು ಕೋಣೆಯ ಕೀಲಿ ಕೊಟ್ಟರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ನಾನೂ ಆಯಿ ಎಂದೆ. ಅಮ್ಮ ಎನ್ನುವ ಪದವನ್ನು ಊರಿನಲ್ಲಿ ಬಿಟ್ಟುಬಂದವಳಿಗೆ ಅದು ಹೇಳಲು ಹಗುರವಾಗಿತ್ತು.

ರೊಟ್ಟಿ ಬಡಿಯಲು ಇವತ್ತಿಗೂ ಬರುವುದಿಲ್ಲ. ನನ್ನ ರೊಟ್ಟಿ ನೋಡಿ ಆಯಿ, "ಇದು ಯಾವ ದೇಶದ ನಕಾಶೆರಿ?" ಎಂದು ಕೇಳುತ್ತಾರೆ. ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಒಂದು ದಿನ ಮುದ್ದೆ ಮಾಡಿ ಕೊಟ್ಟೆ. ಅಗಿಯದೆ ನುಂಗಬೇಕು ಎಂದಾಗ, "ನುಂಗಲಾಕ ಇದೇನ ಔಷಧೇನ್ರಿ?" ಎಂದು ಚೆನ್ನಾಗಿ ಅಗಿದೇ ತಿಂದರು. ಶೇಂಗಾ ಚಟ್ನಿಗೆ ನಾನು ಸೋತೆ, ಬಸ್ಸಾರಿಗೆ ಅವರು ಸೋತರು. ವಾರದ ದಿನಗಳು ಹೀಗೆ ಕಳೆಯುತ್ತಿದ್ದವು. ಕಷ್ಟವಾಗುತ್ತಿದ್ದದ್ದು ಭಾನುವಾರ. ಕಾಲೇಜಿಲ್ಲ, ನೆಂಟರಿಲ್ಲ. ಮಾಳಿಗೆಯ ಕಿಟಕಿಯಿಂದ ಕಬ್ಬಿನ ಟ್ರ್ಯಾಕ್ಟರುಗಳನ್ನು ಎಣಿಸುತ್ತಾ, ಒಮ್ಮೊಮ್ಮೆ ಸುಮ್ಮನೆ ಅತ್ತಿದ್ದೂ ಉಂಟು. ಯಾಕೆ ಎಂದು ಕೇಳಿದ್ದರೆ ಹೇಳಲು ಕಾರಣವೇ ಇರಲಿಲ್ಲ.

ನಿಪ್ಪಾಣಿಯ ಸುಭೇದಾರರ ಬಗ್ಗೆ ಹೇಳಿದ್ದು ನಮ್ಮ ಕಾಲೇಜಿನ ದೈಹಿಕ ಶಿಕ್ಷಕರು. ಸೈನ್ಯದಿಂದ ನಿವೃತ್ತರಾಗಿ ಬಂದು, ಊರ ಹೊರಗಿನ ಹಳೆಯ ಕಲ್ಲಿನ ಖಣಿಯಲ್ಲಿ ಪರವಾನಗಿ ಪಡೆದು ಗುರಿ ಹೊಡೆಯುವ ಕ್ಲಬ್ಬು ನಡೆಸುತ್ತಿದ್ದರು. ಕಾಲೇಜಿನಲ್ಲಿದ್ದಾಗ ನಾನು ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು. ಆಮೇಲೆ ಇಪ್ಪತ್ತು ವರ್ಷ ಹಿಡಿದದ್ದು ಸೀಮೆಸುಣ್ಣ. ಭಾನುವಾರವನ್ನು ಹೇಗಾದರೂ ಕೊಲ್ಲಬೇಕಿತ್ತು, ಬಸ್ಸು ಹತ್ತಿದೆ.

ಮೂರು ಕಡೆ ಕಡಿದು ನಿಂತ ಕಲ್ಲಿನ ಗೋಡೆ, ಎದುರಿಗೆ ಗುಡ್ಡ. ಇನ್ನೂರು ಮೀಟರ್ ಆಚೆ ಗುರಿಹಲಗೆ. ಸುಭೇದಾರರ ತಾಯಿನುಡಿ ಮರಾಠಿ, ಕನ್ನಡ ಸೈನ್ಯದಲ್ಲಿ ಗೆಳೆಯರಿಂದ ಕಲಿತದ್ದು. ಮಲಗಿಸಿ, ಭುಜಕ್ಕೆ ರೈಫಲ್ ಕೊಟ್ಟು, ಬೆನ್ನ ಹಿಂದೆ ನಿಂತು ಹೇಳಿದರು: "ಶ್ವಾಸ ಬಿಡ್ರಿ. ಅರ್ಧಾ ಒಳಗ ಇಟ್ಕೋರಿ. ಈಗ ನೇಮ ಹಿಡೀರಿ."

ಎಂಥ ಮಾತು ಎಂದುಕೊಂಡೆ. ನೇಮ ಎಂದರೆ ನಮ್ಮಲ್ಲಿ ವ್ರತ, ನಿಷ್ಠೆ. ಬಂದೂಕು ಹಿಡಿಯುವುದನ್ನೂ ವ್ರತದಂತೆ ಕಲಿಸುವ ಮನುಷ್ಯ ಎಂದು ಗೌರವ ಬಂತು. ಮುಂದಿನ ವಾರದಿಂದ ಇನ್ನೊಂದು ಕಟ್ಟಳೆಯೂ ಸೇರಿತು: "ನೇಮ ಹಿಡಿಯೂ ದಿವಸ ಚಹಾ ಬ್ಯಾಡ್ರಿ ಬಾಯಿ. ಕೈ ನಡಗತೈತಿ." ಸರಿ, ವ್ರತ ಎಂದ ಮೇಲೆ ಉಪವಾಸ ಇರಬೇಕಾದದ್ದೇ. ಭಾನುವಾರ ಚಹಾ ಬಿಟ್ಟೆ.

ಮೂರು ತಿಂಗಳು ಕ್ಲಬ್ಬಿನ ರೈಫಲ್‌ಗಳಲ್ಲೇ ಅಭ್ಯಾಸ ಮಾಡಿದೆ. ಕೈ ಕುದುರಿದ ಮೇಲೆ ಆಸೆ ಹುಟ್ಟಿತು. ನನ್ನದೇ ಒಂದು ಬೇಕು, ದೂರ ಹೊಡೆಯುವಂಥದ್ದು. ಸುಭೇದಾರರು ಮೂರು ರೈಫಲ್ ಚಾಪೆಯ ಮೇಲೆ ಸಾಲಾಗಿ ಇಟ್ಟು, "ಆರಿಸ್ಕೋರಿ" ಎಂದರು.

ಮೊದಲನೆಯದು ತ್ರೀ-ಫಿಫ್ಟೀನ್. ನಮ್ಮ ದೇಶದ ಕಾರ್ಖಾನೆಯ ಗಟ್ಟಿಮುಟ್ಟಾದ ಬಂದೂಕು. ಹೊಡೆದರೆ ಗುರಿಗಿಂತ ಮೊದಲು ನನ್ನ ಭುಜಕ್ಕೇ ತಾಗುತ್ತಿತ್ತು. ಐದು ಗುಂಡಿಗೆ ಹೆಗಲು ನೀಲಿಯಾಯಿತು, ಆರನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಂಡೆ. ಎರಡನೆಯದು ಥರ್ಟಿ-ನಾಟ್-ಸಿಕ್ಸ್. ನೋಡಲು ರಾಜಗಾಂಭೀರ್ಯ, ದೂರ ಎಂದರೆ ಅದರದ್ದೇ ದೂರ. ಆದರೆ ಗುಂಡು ಸಿಗುವುದು ದುರ್ಲಭ, ನಮ್ಮ ಖಣಿಯ ಇನ್ನೂರು ಮೀಟರು ಅದಕ್ಕೆ ಅಂಗಳದ ಹಾಗೆ. ಮೂರನೆಯದು ಪಾಯಿಂಟ್ ಟೂಟೂ, ನಾನು ಎನ್‌ಸಿಸಿಯಲ್ಲಿ ಹಿಡಿದಿದ್ದ ಜಾತಿಯದ್ದೇ. ಬೆರಳಿನ ತುದಿಯಷ್ಟು ಗುಂಡು. ಇದು ಮಕ್ಕಳ ಆಟದ್ದಲ್ಲವೇ ಎಂದೆ.

ಸುಭೇದಾರರು ಖಣಿಯ ಅಂಚಿನಲ್ಲಿದ್ದ ಕಬ್ಬಿನ ಕಡೆ ಕೈ ತೋರಿಸಿದರು. ಸೂಲಂಗಿ, ಅಂದರೆ ಕಬ್ಬಿನ ಹೂವು, ಬಂದು ಹೊಲವೆಲ್ಲ ಬೆಳ್ಳಗಾಗಿತ್ತು. "ಆ ತುರಾಯಿ ನೋಡ್ರಿ. ಹ್ಯಾಂಗ ಬಾಗ್ಯಾವು? ದೂರ ಅನ್ನೂದು ಬಂದೂಕಿನ್ಯಾಗ ಇಲ್ಲ ಬಾಯಿ, ಗಾಳ್ಯಾಗ ಐತಿ. ದೊಡ್ಡ ಗುಂಡು ಗಾಳಿ ಮಾತು ಕೇಳಂಗಿಲ್ಲ. ಈ ಸಣ್ಣದು ಕೇಳತೈತಿ. ಇದರಾಗ ಇನ್ನೂರು ಮೀಟರ ಕಲತ್ರ, ಅದರಾಗ ಸಾವಿರ ಮೀಟರ ನಿಮಗ ಹೊಸಾದಲ್ಲ."

ಭೌತಶಾಸ್ತ್ರ ಕಲಿಸುವವಳಿಗೆ ಇದು ಹೊಳೆಯಬೇಕಿತ್ತು. ಹಗುರ ಗುಂಡು, ನಿಧಾನ ವೇಗ, ಹೆಚ್ಚು ಹೊತ್ತು ಗಾಳಿಯಲ್ಲಿ. ಬೀಳುವುದೂ ಹೆಚ್ಚು, ಪಕ್ಕಕ್ಕೆ ಸರಿಯುವುದೂ ಹೆಚ್ಚು. ಎಡದಿಂದ ಗಾಳಿ ಬಂದರೆ ಹಲಗೆಯ ನಡುವನ್ನು ಬಿಟ್ಟು ಎಡಕ್ಕೆ ನೋಡಬೇಕು, ಆಗ ನಡುವಿಗೆ ತಾಗುತ್ತದೆ. ತರಗತಿಯಲ್ಲಿ ಎಷ್ಟೋ ಸಲ ಗಾಳಿಯನ್ನು 'ಗಣನೆಗೆ ತೆಗೆದುಕೊಳ್ಳಬೇಡಿ' ಎಂದು ಬರೆಸಿದ್ದೆ. ಇಲ್ಲಿ ಗಾಳಿಯದ್ದೇ ಪಾಠ. ನಾನು ಸಣ್ಣದನ್ನೇ ಆರಿಸಿಕೊಂಡೆ. ಹಿಡಿಕೆ ಗಂಡಸರ ತೋಳಿಗೆ ಮಾಡಿದ್ದು, ಒಂದು ಇಂಚು ಕಡಿಮೆ ಮಾಡಿಸಬೇಕು ಎಂದು ಸುಭೇದಾರರು ಸೂಚಿಸಿದರು. ಅದಕ್ಕೆಲ್ಲ ಮೊದಲು ಸರ್ಕಾರದ ಪರವಾನಗಿ ಬೇಕು. ಪರವಾನಗಿಗೆ ಮೊದಲು ಆಯಿಯ ಪರವಾನಗಿ ಬೇಕು.

ನನ್ನ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ ಆಯಿಗೆ ಅಂದೇ ವಿಷಯ ಹೇಳಿದೆ. ಅಲ್ಲಿಯವರೆಗೆ ನಾನು ನಿಪ್ಪಾಣಿಗೆ ಯಾವುದೋ ತರಬೇತಿಗೆ ಹೋಗುತ್ತೇನೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಅವರ ಕೈ ನಿಂತಿತು.

"ಬಂದೂಕ ಮನ್ಯಾಗ ಬ್ಯಾಡ್ರಿ" ಎಂದರು. "ನನ್ನ ತಮ್ಮನ ಲಗ್ನದಾಗ ಯಾವನೋ ಹುಚ್ಚಪ್ಪ ಹುರುಪಿಲೆ ಬಂದೂಕ ಹಾರಿಸಿದ. ಮಗ್ಗಲಕ ನಿಂತಿದ್ದ ನನ್ನ ತಮ್ಮಗ ಅವತ್ತಿನಿಂದ ಎಡಗಿವಿ ಕೇಳಂಗಿಲ್ಲ. ನಿಮಗ ಬಂದೂಕ ಬೇಕಂದ್ರ ಬ್ಯಾರೆ ಮನಿ ನೋಡ್ಕೋರಿ. ಬೈಯಾಕತ್ತಿಲ್ಲ, ಹೇಳಾಕತ್ತೀನಿ."

ಬೇರೆ ಮನೆ ಎಲ್ಲಿಂದ ತರಲಿ? ಒಂಟಿ ಹೆಂಗಸಿಗೇ ಕೊಡದವರು, ಬಂದೂಕು ಇರುವ ಒಂಟಿ ಹೆಂಗಸಿಗೆ ಕೊಡುತ್ತಾರೆಯೇ? ಮನೆಯ ಪ್ರಶ್ನೆಗಿಂತ ಆ ಕೈ ನಿಂತದ್ದು ನನ್ನನ್ನು ಹೆಚ್ಚು ಕಾಡಿತು. ನನಗೆ ಈ ಊರಿನಲ್ಲಿದ್ದದ್ದು ಎರಡೇ: ಆಯಿ ಮತ್ತು ಆ ಖಣಿ. ಒಂದನ್ನು ಆರಿಸು ಎಂದ ಹಾಗಾಯಿತು. ಆಸೆ ಬಿಡುವುದು ಎಂದೇ ತೀರ್ಮಾನಿಸಿದೆ. ಕ್ಲಬ್ಬಿನ ರೈಫಲ್ ಸಾಕು.

ಮುಂದಿನ ಭಾನುವಾರ ಬೆಳಿಗ್ಗೆ ಆಯಿ ಎಂದಿನಂತೆ ಚಹಾ ತಂದರು. ಪ್ರತಿ ವಾರ ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದವಳು ಅಂದು ಬರೀ ಬೇಡವೆಂದೆ. ಅವರಿಗೆ ನಾನು ಮುನಿಸಿಕೊಂಡಿದ್ದೇನೆ ಅನ್ನಿಸಿರಬೇಕು.

"ಸಿಟ್ಟೇನ್ರಿ?"

"ಅಯ್ಯೋ ಇಲ್ಲ ಆಯಿ. ಭಾನುವಾರ ನಾನು ಚಹಾ ಕುಡಿಯಲ್ಲ. ನೇಮ ಹಿಡಿದಿದ್ದೀನಿ."

ಆಯಿ ಲೋಟ ಕೆಳಗಿಟ್ಟರು. "ನೇಮ? ಐತವಾರ? ಎಷ್ಟ ದಿವಸದಿಂದ?"

"ಮೂರು ತಿಂಗಳಾಯ್ತು."

"ಹೇಳಬಾರದೇನ್ರಿ ಬಾಯಾರ! ಐತವಾರ ಅಂದ್ರ ಮಲ್ಲಯ್ಯನ ವಾರ." ಅವರ ಮುಖ ಪೂರ್ತಿ ಬದಲಾಗಿತ್ತು. "ನೇಮಕ್ಕೂ ಬಂದೂಕಿಗೂ ಏನ ಸಂಬಂಧ?"

"ಆ ನೇಮ ಹಿಡಿಯೋದೇ ಅದರ ಮೂಲಕ ಆಯಿ. ಗುರುಗಳು ಹಾಗೇ ಕಲಿಸಿದ್ದಾರೆ."

ನನ್ನ ಮಟ್ಟಿಗೆ ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದಸರೆಯ ಖಂಡೇ ಪೂಜೆಯಲ್ಲಿ ಆಯುಧಕ್ಕೆ ಕುಂಕುಮ ಹಚ್ಚುವ ಸೀಮೆ ಇದು. ಆಯಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಅರ್ಧ ತಾಸು ಒಲೆಯ ಮುಂದೆ ಕೂತು ಯೋಚಿಸಿ ಹೊರಗೆ ಬಂದು ಅಂದರು: "ನೇಮ ಹಿಡದಾಕೀನ್ನ ತಡದ್ರ ನನಗ ಒಳ್ಳೇದಾಗಂಗಿಲ್ಲ. ತರ್ರಿ. ಕಪಾಟಿನ್ಯಾಗ ಕೀಲಿ ಹಾಕಿ ಇಡ್ರಿ."

ಅದರ ಮರುವಾರ ನನ್ನನ್ನು ಮಲ್ಲಯ್ಯನ ಗುಡಿಯಿರುವ ಮಂಗಸೂಳಿಗೆ ಕರೆದುಕೊಂಡು ಹೋದರು. ಎರಡು ಬಸ್ಸು ಬದಲಿಸಿ, ಬಿಸಿಲಿನಲ್ಲಿ ಸಾಲು ನಿಂತು, ಹಣೆ ತುಂಬ ಅರಿಸಿನದ ಭಂಡಾರ ಹಚ್ಚಿಕೊಂಡೆವು. "ಈಕಿ ದೂರದಾಕಿ. ಈಕಿ ನೇಮ ಸಾಗಿಸಪಾ" ಎಂದು ಆಯಿ ನನ್ನ ಪರವಾಗಿ ಮಲ್ಲಯ್ಯನಿಗೆ ಗಟ್ಟಿಯಾಗಿಯೇ ಹೇಳಿದರು. ಈ ಊರಿಗೆ ಬಂದ ಮೇಲೆ ನನಗಾಗಿ ಯಾರೋ ಏನನ್ನೋ ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಭಂಡಾರ ಕಣ್ಣಿಗೆ ಬಿತ್ತು ಎಂದೆ.

ಅರ್ಜಿ ಹಾಕಿದೆ. ಅದರಲ್ಲಿ ಎರಡು ಚೌಕಗಳಿದ್ದವು: ಸ್ಥಿರ ವಿಳಾಸ, ಈಗಿನ ವಿಳಾಸ. ಮೊದಲನೆಯದರಲ್ಲಿ ಮುಳಬಾಗಿಲು, ಎರಡನೆಯದರಲ್ಲಿ ಶಾಂತವ್ವನವರ ಮನೆ, ಚಿಕ್ಕೋಡಿ. ಪೊಲೀಸರು ಬಂದು ಮನೆಯೊಡತಿಯನ್ನು ವಿಚಾರಿಸುತ್ತಾರೆ, ಅವರು ಹೇಳುವ ಮಾತಿನ ಮೇಲೆ ಬಹಳಷ್ಟು ನಿಂತಿದೆ ಎಂದು ಸುಭೇದಾರರು ಎಚ್ಚರಿಸಿದ್ದರು. ಆಯಿ ಇದ್ದಾರಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಹೀಗಿರುವಾಗ ಒಂದು ಭಾನುವಾರ ಖಣಿಯ ಬಾಗಿಲಿಗೆ ಹೊಸ ಬೋರ್ಡು ಬಂದಿತ್ತು. ಮರಾಠಿಯಲ್ಲಿ ದೊಡ್ಡದಾಗಿ ಬರೆಸಿದ್ದರು. ಹಿಂದಿ ಓದಿದ ಬಲದಿಂದ ಕೂಡಿಸಿ ಓದಿದೆ: ನೇಮಬಾಜಿ.

"ನೇಮಬಾಜಿ ಅಂದ್ರೇನು ಸರ್?"

"ಇದಽ ರೀ, ನಾವು ಮಾಡೂದು. ನೇಮ ಹಿಡಿಯೂದು. ಕನ್ನಡದಾಗ ಏನಂತೀರಿ ನೀವು... ಹಾಂ, ಗುರಿ!"

ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತೆ. ಮರಾಠಿಯಲ್ಲಿ ನೇಮ ಎಂದರೆ ಗುರಿ. ಅಷ್ಟೇ. ಆರು ತಿಂಗಳಿಂದ ಆ ಮನುಷ್ಯ ಹೇಳುತ್ತಿದ್ದದ್ದು 'ಗುರಿ ಹಿಡಿಯಿರಿ' ಎಂದು. ನಾನು ವ್ರತ ಹಿಡಿದುಕೊಂಡು ಕೂತಿದ್ದೆ. ಕುಡಚಿಯಲ್ಲಿ ಬಾಯಾರಿದ ಬುದ್ಧಿ ನಿಪ್ಪಾಣಿಗೆ ಬಂದರೂ ಹೋಗಿರಲಿಲ್ಲ. ವಿಷಯ ತಿಳಿದು ಸುಭೇದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಆಯಿಗೆ ಸಂತೆಯ ಮರಾಠಿ ಬರುತ್ತಿತ್ತು, ಬಂದೂಕಿನ ಮರಾಠಿ ಬರುತ್ತಿರಲಿಲ್ಲ. ಅವರು ಹೂಂ ಎಂದದ್ದು ಮಲ್ಲಯ್ಯನ ನೇಮಕ್ಕೆ. ಇಲ್ಲದ ನೇಮಕ್ಕೆ.

ನಾಲ್ಕು ದಿನ ಬಾಯಿ ಬಿಡಲಿಲ್ಲ. ಹೇಳದೆ ಇದ್ದರೆ ಯಾರಿಗೇನು ನಷ್ಟ ಎಂದು ಮನಸ್ಸು ವಾದ ಹೂಡುತ್ತಿತ್ತು. ನಾನು ಬೇಕೆಂದು ಸುಳ್ಳು ಹೇಳಿದ್ದಲ್ಲವಲ್ಲ. ಐದನೆಯ ದಿನ ಠಾಣೆಯಿಂದ ಫೋನು ಬಂತು, ನಾಳೆ ಬೆಳಿಗ್ಗೆ ವಿಚಾರಣೆಗೆ ಬರುತ್ತೇವೆ ಎಂದು. ಆಯಿ ದೇವರ ಹೆಸರಿನಲ್ಲಿ ಪೊಲೀಸರ ಮುಂದೆ ನನ್ನ ಪರ ಮಾತಾಡುತ್ತಾರೆ. ಮೊದಲು ಸುಳ್ಳಲ್ಲದ್ದು ಆಗ ಸುಳ್ಳಾಗುತ್ತದೆ. ಅದು ನನ್ನಿಂದ ಆಗದು ಅನ್ನಿಸಿತು.

ಬೆಳಿಗ್ಗೆ ಆಯಿ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. "ನಾನು ಹಿಡಿದಿರೋದು ದೇವರ ನೇಮ ಅಲ್ಲ ಆಯಿ. ಮರಾಠಿ ಪದ ಅದು. ನನಗೇ ಗೊತ್ತಿರಲಿಲ್ಲ. ನಿಮಗೆ ಬೇಡ ಅಂದ್ರೆ ಅರ್ಜಿ ವಾಪಸ್ ತಗೋತೀನಿ. ಮನೆ ಬಿಡು ಅಂದ್ರೂ ಬಿಡ್ತೀನಿ."

ರೊಟ್ಟಿಯ ಸಪ್ಪಳ ನಿಂತಿತು. "ಮಂಗಸೂಳ್ಯಾಗ ನಾ ಮಲ್ಲಯ್ಯನ ಮುಂದ ಅಂದಿದ್ದು ಹಾಂಗಂದ್ರ ಸುಳ್ಳ?"

ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಆಯಿ ನನ್ನ ಕಡೆ ನೋಡಲಿಲ್ಲ.

ಹತ್ತು ಗಂಟೆಗೆ ಪೊಲೀಸಿನವರು ಬಂದರು. ನಡುವಯಸ್ಸಿನ ಮನುಷ್ಯ, ಕೈಯಲ್ಲಿ ಒಂದು ಫೈಲು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಆಯಿ ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ತಾವು ಹೊಸ್ತಿಲಲ್ಲಿ ಕೂತರು.

"ಬಾಯಾರಿಗೆ ಬಂದೂಕ ಯಾಕ ಬೇಕಂತ್ರಿ ಆಯಿ?"

"ಆಕಿ ನೇಮ ಹಿಡದಾಳ."

ಪೊಲೀಸಿನವರು, "ಹಾಂ, ನೇಮಬಾಜಿ. ನಿಪ್ಪಾಣಿ ಸುಭೇದಾರರ ಕಡೆ" ಎಂದು ಬರೆದುಕೊಂಡರು.

"ಅದನ್ನೂ ಹಿಡದಾಳ, ಇದನ್ನೂ ಹಿಡದಾಳ" ಎಂದರು ಆಯಿ. "ಆರ ತಿಂಗಳಾತು, ಐತವಾರ ಒಂದ ಹನಿ ಚಹಾ ಕುಡದಿಲ್ಲ, ನಾ ಕಣ್ಣಾರೆ ನೋಡೀನಿ. ಎರಡೂ ನೇಮ ಬ್ಯಾರೆ ಅಂತ ಇವತ್ತ ಮುಂಜಾನೆ ತಾನಽ ಬಂದು ಹೇಳ್ಯಾಳ. ಹೇಳದಿದ್ರ ನನಗೇನ ಗೊತ್ತಾಕ್ಕಿತ್ತು? ಬಂದೂಕ ಇಂಥಾಕಿ ಕೈಯಾಗ ಇರಬೇಕು ಬರಕೋರಿ. ಲಗ್ನದಾಗ ಹಾರಸೂ ಹುಚ್ಚಪ್ಪಗೋಳ ಕೈಯಾಗ ಅಲ್ಲ."

ಪೊಲೀಸಿನವರಿಗೆ ಅರ್ಧವೂ ಅರ್ಥವಾಗಿರಲಿಕ್ಕಿಲ್ಲ. ಅರ್ಜಿಯ ಎರಡು ಚೌಕಗಳ ಮೇಲೆ ಬೆರಳಿಟ್ಟು, "ಬಾಯಾರು ಕೋಲಾರ ಕಡ್ಯಾವ್ರು. ನಾಳೆ ವರ್ಗ ಆದ್ರ?" ಎಂದರು.

"ಆದ್ರ ಹೋಗ್ತಾಳ" ಎಂದರು ಆಯಿ. "ಇರೂತನಕ ನಮ್ಮಾಕಿ."

ಅವರು ಹೋದ ಮೇಲೆ ಆಯಿ ಮೊದಲ ಸಲ ನನ್ನ ಕಡೆ ತಿರುಗಿದರು. "ನಾ ಏನ ಹೇಳಬೇಕೋ ಹೇಳೀನಿ. ಆದ್ರ ಮಲ್ಲಯ್ಯಗ ನೀನಽ ಹೋಗಿ ಹೇಳಿ ಬಾ." ಬಂದಾಗಿನಿಂದ 'ನೀವು', 'ಬಾಯಾರ' ಎಂದೇ ಕರೆದಿದ್ದ ಬಾಯಿಯಲ್ಲಿ 'ನೀ' ಬಂದಿತ್ತು. ಆ ಭಾನುವಾರ ಖಣಿಗೆ ಹೋಗಲಿಲ್ಲ. ಒಬ್ಬಳೇ ಮಂಗಸೂಳಿಗೆ ಹೋಗಿ, ಸಾಲು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದೆ. ಚಹಾ ಕುಡಿಯಬಹುದಾಗಿತ್ತು, ಯಾಕೋ ಕುಡಿಯಲಿಲ್ಲ.

ರೈಫಲ್ ಬಂತು. ಅದರ ಹಿಡಿಕೆ ಈಗ ನನ್ನ ತೋಳಿಗೆ ಸರಿಯಾಗಿದೆ. ಖಂಡೇ ಪೂಜೆಯಲ್ಲಿ ಆಯಿ ಅದಕ್ಕೂ ಒಂದು ಚಿಟಿಕೆ ಭಂಡಾರ ಹಚ್ಚಿದರು, ಗುರಿ ನೋಡುವ ದುರ್ಬೀನಿನ ಗಾಜಿಗೆ ತಾಗದಂತೆ. ಸೂಲಂಗಿ ಬಾಗಿದ ದಿನ ನಾನು ಹಲಗೆಯ ನಡುವನ್ನು ಬಿಟ್ಟು ಪಕ್ಕಕ್ಕೆ ನೋಡುತ್ತೇನೆ. ಹತ್ತರಲ್ಲಿ ಆರು ತಾಗುತ್ತವೆ. ಉಳಿದ ನಾಲ್ಕಕ್ಕೆ ಸುಭೇದಾರರು "ನೇಮ ಚುಕ್ಲಾ" ಎನ್ನುತ್ತಾರೆ, ತಪ್ಪಿತು ಎಂದು.

ಕಳೆದ ರಜೆಯಲ್ಲಿ ಮುಳಬಾಗಿಲಿಗೆ ಹೋಗಿದ್ದೆ. ಅಣ್ಣನ ಮಕ್ಕಳು, ಅತ್ತಿಗೆಯ ಮಾತು, ಮನೆ ಗಿಜಿಗಿಜಿ ಎನ್ನುತ್ತಿತ್ತು. ಬೆಳಿಗ್ಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಅಮ್ಮ ಹಾಸಿಗೆಯ ಬಳಿಗೇ ಕಾಫಿ ತಂದಳು.

"ಬ್ಯಾಡಬೇ, ಇವತ್ತ ಐತವಾರ" ಎಂದೆ, ಚಿಕ್ಕೋಡಿಯ ಮಾತಿನಲ್ಲಿ, ಆಯಿಗೆ ಹೇಳುವ ಹಾಗೆ.

ಅಮ್ಮ ಲೋಟ ಹಿಡಿದುಕೊಂಡೇ ನಿಂತಳು. "ಯಾರನ್ನೇ 'ಬೇ' ಅಂತಿರೋದು? ಅಷ್ಟು ದೂರದಿಂದ ಬಂದು ನನ್ನ ಕೈ ಕಾಫಿ ಬೇಡಾಂತೀಯಾ?"

ಅವಳ ಮುಖ ನೋಡಿ ಎದ್ದು ಕೂತು ಕುಡಿದೆ. ಆಮೇಲೆ ಹಿತ್ತಲಿಗೆ ಹೋಗಿ ಆಯಿಗೆ ಫೋನು ಮಾಡಿದೆ. "ಆಯಿ, ನೇಮ ತಪ್ಪಿತು."

"ಅವ್ವನ ಕೈಯಾಂದು ಕುಡದ್ರ ತಪ್ಪಂಗಿಲ್ಲ, ಹುಚ್ಚಿ" ಎಂದರು ಆಯಿ. "ಯಾವಾಗ ಬರ್ತಿ?"

ಅದೇ ಹೊತ್ತಿಗೆ ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೂಗಿ ಕೇಳಿದಳು, "ಯಾವತ್ತು ಹೊರಡ್ತೀಯೇ?"

ಇಬ್ಬರಿಗೂ ಒಟ್ಟಿಗೇ ಹೇಳಿದೆ, "ಬುಧವಾರ."